ಸೀಸ ಮತ್ತು ರೋಮ್ ಸಾಮ್ರಾಜ್ಯದ ಪತನ: ಒಂದು ವಾದದ ಪರಾಮರ್ಶೆ

ರೋಮ್ ಸಾಮ್ರಾಜ್ಯದ ಪತನಕ್ಕೆ ಪಂಡಿತರು ಕಾಲಕಾಲಕ್ಕೆ ಮುಂದಿಟ್ಟ ಕಾರಣಗಳನ್ನೆಲ್ಲ ಜರ್ಮನ್ ಇತಿಹಾಸಕಾರ ಅಲೆಕ್ಸಾಂಡರ್ ಡೆಮಾಂಟ್ ಅವರು 1984ರಲ್ಲಿ ಒಂದೇ ಗ್ರಂಥದಲ್ಲಿ ಕಲೆಹಾಕಿದರು. ಎಣಿಕೆ 210ಕ್ಕೆ ಮುಟ್ಟಿತು. ಆ ಪಟ್ಟಿಯಲ್ಲಿ ಸೀಸದ ವಿಷವೂ ಒಂದು. ಉಳಿದ ಕಾರಣಗಳಲ್ಲಿ ಹಲವು ಇಂದು ಅಡಿಟಿಪ್ಪಣಿಗಳಲ್ಲಿ ಮಾತ್ರ ಬದುಕಿವೆ. ಸೀಸದ ವಾದವಾದರೋ ತಲೆಮಾರಿಗೊಮ್ಮೆ ಹೊಸ ಉಡುಪು ತೊಟ್ಟು ಸಭೆಗೆ ಬರುತ್ತದೆ. 1965ರಲ್ಲಿ ಸಮಾಜಶಾಸ್ತ್ರದ ಉಡುಪು, 1983ರಲ್ಲಿ ವೈದ್ಯಶಾಸ್ತ್ರದ ಉಡುಪು, 2025ರಲ್ಲಿ ಹಿಮಗಡ್ಡೆಯ ರಸಾಯನದ ಉಡುಪು. ಕೊನೆಯದು ಪ್ರಕಟವಾದ ಹೊಸದರಲ್ಲಿ ನನ್ನ ತರಗತಿಯ ವಿದ್ಯಾರ್ಥಿಯೊಬ್ಬ ವೃತ್ತಪತ್ರಿಕೆಯ ತುಣುಕೊಂದನ್ನು ಹಿಡಿದು ಬಂದು, "ಹಾಗಾದರೆ ಗಿಬ್ಬನ್ ಬರೆದುದೆಲ್ಲ ವ್ಯರ್ಥವೇ, ಸರ್?" ಎಂದು ಕೇಳಿದ. ಅಂದು ಸಮರ್ಪಕವಾದ ಉತ್ತರ ಕೊಡಲಾಗಲಿಲ್ಲ. ಪ್ರಕೃತ ಲೇಖನ ಆ ಸಾಲವನ್ನು ತೀರಿಸುವ ಪ್ರಯತ್ನ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಇಲ್ಲಿ ಎರಡು ಪ್ರಶ್ನೆಗಳಿವೆ. ಅವೆರಡನ್ನೂ ಒಂದಾಗಿ ಹೊಸೆದಿರುವುದೇ ಈ ವಾದದ ತೊಡಕುಗಳಿಗೆಲ್ಲ ಮೂಲ. ರೋಮನರ ಮೆದುಳನ್ನು ಸೀಸ ಕೆಡಿಸಿತೇ ಎಂಬುದು ಒಂದು. ರೋಮ್ ಸಾಮ್ರಾಜ್ಯವನ್ನು ಸೀಸ ಕೆಡವಿತೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಹೌದೆಂದವನು ಎರಡನೆಯದಕ್ಕೂ ಹೌದೆನ್ನಬೇಕಾಗಿಲ್ಲ. ಎರಡನೆಯದನ್ನು ಅಲ್ಲಗಳೆದವನು ಮೊದಲನೆಯದನ್ನೂ ಅಲ್ಲಗಳೆಯುವ ಉತ್ಸಾಹ ತೋರಬೇಕಾಗಿಲ್ಲ. ಕಳೆದ ಅರವತ್ತು ವರ್ಷಗಳ ಚರ್ಚೆಯಲ್ಲಿ ಎರಡೂ ಪಕ್ಷದವರು ಈ ತಪ್ಪನ್ನು ಮಾಡಿದ್ದಾರೆಂದು ನನಗೆ ತೋರುತ್ತದೆ.

ಸೀಸವು ಮೆದುಳಿಗೆ ಶತ್ರುವೆಂಬ ವಿಷಯದಲ್ಲಿ ಇಂದು ವಿವಾದವಿಲ್ಲ. ದೇಹವು ಅದನ್ನು ಕ್ಯಾಲ್ಸಿಯಂ ಎಂದು ಭ್ರಮಿಸುತ್ತದೆ. ಆ ವೇಷದಲ್ಲಿಯೇ ಅದು ರಕ್ತಕ್ಕೂ ಮೆದುಳಿಗೂ ನಡುವಣ ತಡೆಯನ್ನು ದಾಟುತ್ತದೆ. ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವ ಸಂಧಿಗಳಲ್ಲಿ ಕ್ಯಾಲ್ಸಿಯಂ ನಡೆಸಬೇಕಾದ ಕೆಲಸಕ್ಕೆ ಅಡ್ಡಬರುತ್ತದೆ. ಮೂಳೆಯನ್ನು ಹೊಕ್ಕು ದಶಕಗಳ ಕಾಲ ಅಲ್ಲಿಯೇ ನೆಲಸುತ್ತದೆ. ಗರ್ಭಿಣಿಯ ಮೂಳೆಯಿಂದ ಕರಗಿ ಹೊರಟ ಸೀಸ ಗರ್ಭದ ಶಿಶುವನ್ನು ಮುಟ್ಟುತ್ತದೆ. 2005ರಲ್ಲಿ ಲ್ಯಾನ್‌ಫಿಯರ್ ಮತ್ತು ಸಹೋದ್ಯೋಗಿಗಳು ಏಳು ಅಧ್ಯಯನಗಳಿಗೆ ಸೇರಿದ 1,333 ಮಕ್ಕಳ ವಿವರಗಳನ್ನು ಒಟ್ಟುಗೂಡಿಸಿ ನೋಡಿದರು. ಒಂದು ಡೆಸಿಲೀಟರ್ ರಕ್ತದಲ್ಲಿರುವ ಸೀಸ 2.4 ಮೈಕ್ರೋಗ್ರಾಮಿನಿಂದ 10 ಮೈಕ್ರೋಗ್ರಾಮಿಗೆ ಏರಿದಲ್ಲಿ, ಐ. ಕ್ಯೂ. ಎಂದು ರೂಢಿಯಲ್ಲಿರುವ ಬುದ್ಧಿಲಬ್ಧ ಸುಮಾರು 3.9 ಅಂಕಗಳಷ್ಟು ಇಳಿಯುವುದು ಕಂಡುಬಂದಿತು. ಸೀಸದ ಪ್ರಮಾಣ ಅಲ್ಪವಾಗಿರುವ ಮಟ್ಟದಲ್ಲಿಯೇ ಈ ಇಳಿತ ಹೆಚ್ಚು ಕಡಿದು. ಈ ಅಂಶ ಮುಂದೆ ನಮಗೆ ಮತ್ತೆ ಬೇಕಾಗುತ್ತದೆ.

ಈಗ ವಾದದ ಇತಿಹಾಸಕ್ಕೆ ಬರೋಣ. ಅಮೆರಿಕದ ಸಮಾಜಶಾಸ್ತ್ರಜ್ಞ ಎಸ್. ಕೋಲಮ್ ಗಿಲ್‌ಫಿಲನ್ ಅವರು 1965ರಲ್ಲಿ ವೃತ್ತಿವೈದ್ಯದ ಪತ್ರಿಕೆಯೊಂದರಲ್ಲಿ ಬರೆದ ಲೇಖನದ ಸಾರ ಇದು: ಸೀಸ ಬಳಿದ ಪಾತ್ರೆಗಳಲ್ಲಿ ಅಡಿಗೆ ಮಾಡಿಸಿಕೊಳ್ಳುವಷ್ಟು, ಸಿಹಿ ಬೆರೆಸಿದ ದ್ರಾಕ್ಷಾರಸ ಕುಡಿಯುವಷ್ಟು ಅನುಕೂಲ ಇದ್ದವರು ಶ್ರೀಮಂತರು, ಕ್ರಿ. ಪೂ. 150ರ ಸುಮಾರಿನಿಂದ ಅವರ ಹೆಂಗಸರಿಗೂ ಆ ಪಾನದ ಸ್ವಾತಂತ್ರ್ಯ ದೊರೆಯಿತು. ಸೀಸದಿಂದ ಬಂಜೆತನವೂ ಗರ್ಭಪಾತವೂ ಹೆಚ್ಚಿದವು. ಪ್ರತಿಭೆಯುಳ್ಳ ವರ್ಗ ಸಂತಾನವಿಲ್ಲದೆ ಅಳಿಯಿತು. ಅದರೊಡನೆ ರೋಮಿನ ಸಂಸ್ಕೃತಿಯೂ ಅಳಿಯಿತು. ಇದರಲ್ಲಿ ವೈದ್ಯದ ಅಂಶ ಸರಿಯೆಂದೇ ಇಟ್ಟುಕೊಳ್ಳೋಣ. ಆದರೂ ಪ್ರತಿಭೆ ಕೆಲವು ಮನೆತನಗಳ ರಕ್ತದಲ್ಲಿ ಮಾತ್ರ ಹರಿಯುತ್ತದೆಂಬ ಊಹೆಯನ್ನು ಒಪ್ಪಿದ ಹೊರತು ವಾದ ನಿಲ್ಲದು. ರೋಮ್ ತನ್ನ ಆಳುವ ವರ್ಗವನ್ನು ಹೊರಗಿನಿಂದ ತುಂಬಿಸಿಕೊಳ್ಳುತ್ತಲೇ ಬಂದ ನಾಡು. ಟ್ರೇಜನ್ ಹುಟ್ಟಿದ್ದು ಸ್ಪೇನಿನಲ್ಲಿ, ಸೆಪ್ಟಿಮಿಯಸ್ ಸೆವೆರಸ್ ಹುಟ್ಟಿದ್ದು ಆಫ್ರಿಕದಲ್ಲಿ. ಅದೂ ಅಲ್ಲದೆ, ಕ್ರಿ. ಪೂ. 18ರಲ್ಲಿಯೂ ಕ್ರಿ. ಶ. 9ರಲ್ಲಿಯೂ ಹೊರಟ ವಿವಾಹ ಶಾಸನಗಳಲ್ಲಿ ಅಗಸ್ಟಸ್‌ನ ಆಡಳಿತ ಮದುವೆಯಾಗದವರಿಗೂ ಮಕ್ಕಳಿಲ್ಲದವರಿಗೂ ದಂಡನೆ ವಿಧಿಸಿತು. ಇಷ್ಟಪಟ್ಟರೆ ಸಂತಾನ ಪಡೆಯಬಲ್ಲರು, ಪಡೆಯಲು ಮನಸ್ಸಿಲ್ಲ ಎಂಬುದೇ ಸಮಕಾಲೀನರ ತಿಳಿವಳಿಕೆಯಾಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ. ಗಿಲ್‌ಫಿಲನ್ ಅವರ ಮಾತಿಗೆ ಇಷ್ಟು ಸಾಕು.

ಜೆರೋಮ್ ನ್ರಿಯಾಗು ಅವರದು ಇದಕ್ಕಿಂತ ಗಟ್ಟಿಯಾದ ಕೃತಿ. ಕೆನಡದಲ್ಲಿ ಕೆಲಸ ಮಾಡುತ್ತಿದ್ದ ಈ ಭೂರಸಾಯನಜ್ಞರು 1983ರಲ್ಲಿ ಒಂದು ವೈದ್ಯಪತ್ರಿಕೆಯ ಲೇಖನವನ್ನೂ, ಪ್ರಾಚೀನ ಕಾಲದ ಸೀಸದ ಬಗ್ಗೆ ಒಂದು ದೊಡ್ಡ ಗ್ರಂಥವನ್ನೂ ಪ್ರಕಟಿಸಿದರು. ಅವರ ವಾದದ ನಡುಗಂಬ ‘ಸಾಪ’ ಎಂಬ ಪಾಕ. ದ್ರಾಕ್ಷಿಯ ರಸವನ್ನು ಬತ್ತಿಸಿ ತೆಗೆದ ಈ ಪಾಕವನ್ನು ರೋಮನರು ಮದ್ಯ ಕೆಡದಿರಲೆಂದೂ ಅಡಿಗೆ ಸಿಹಿಯಾಗಲೆಂದೂ ಬೆರೆಸುತ್ತಿದ್ದರು. ಇದನ್ನು ಕುದಿಸಲು ಕಂಚಿನ ಪಾತ್ರೆಗಿಂತ ಸೀಸದ ಪಾತ್ರೆಯೇ ಲೇಸೆಂದು ಕ್ರಿ. ಶ. ಒಂದನೆಯ ಶತಮಾನದ ಕೃಷಿಗ್ರಂಥಕಾರ ಕೊಲುಮೆಲ್ಲ ಹೇಳುತ್ತಾನೆ. ಆತ ಕೊಡುವ ಕಾರಣವನ್ನು ನಮ್ಮ ನಾಡಿನ ಯಾವ ಹಳೆಯ ಗೃಹಿಣಿಗೂ ವಿವರಿಸಬೇಕಾಗಿಲ್ಲ: ಕಂಚು ಕಿಲುಬು ಬಿಡುತ್ತದೆ, ರುಚಿ ಕೆಡುತ್ತದೆ. ಹಿತ್ತಾಳೆಯ ಪಾತ್ರೆಯಲ್ಲಿ ಹುಳಿ ಕುದಿಸುವ ಮುನ್ನ ನಮ್ಮ ಅಜ್ಜಿಯರು ಕಲಾಯಿ ಮಾಸಿದೆಯೋ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದುದು ಇದೇ ಕಾರಣಕ್ಕೆ. ಕಣ್ಣಿಗೆ ಕಾಣುವ, ನಾಲಗೆಗೆ ಕಹಿಯಾದ ವಿಷವನ್ನು ತಪ್ಪಿಸಿಕೊಳ್ಳಲು ಹೋಗಿ ರೋಮಿನ ಅಡಿಗೆಯವನು ಕಣ್ಣಿಗೆ ಕಾಣದ, ನಾಲಗೆಗೆ ಸಿಹಿಯಾದ ವಿಷವನ್ನು ಬರಮಾಡಿಕೊಂಡ. ದ್ರಾಕ್ಷಿಯ ಹುಳಿ ಸೀಸದೊಡನೆ ಸೇರಿ ಹುಟ್ಟುವ ಲವಣಕ್ಕೆ ಸೀಸದ ಸಕ್ಕರೆ ಎಂಬ ಹೆಸರೇ ಇದೆ. ಹಳೆಯ ವಿಧಾನದಂತೆ ಈ ಪಾಕವನ್ನು ಮತ್ತೆ ತಯಾರಿಸಿ ನೋಡಿದವರಿಗೆ ಲೀಟರಿಗೆ ನೂರಾರು ಮಿಲಿಗ್ರಾಂ ಸೀಸ ದೊರೆತಿದೆ.

ಇಲ್ಲಿಯವರೆಗೆ ನ್ರಿಯಾಗು ಅವರ ನೆಲ ಭದ್ರವಾಗಿದೆ. ಮುಂದಿನ ಹೆಜ್ಜೆಯಲ್ಲಿ ಅದು ಕುಸಿಯುತ್ತದೆ. ಪಾಕವಿಧಾನ ಬೇರೆ, ಊಟ ಬೇರೆ. ಮಂಗರಸನ ಸೂಪಶಾಸ್ತ್ರವನ್ನು ಓದಿ ಅವನ ಕಾಲದ ಒಕ್ಕಲುಮಗನ ತಟ್ಟೆಯಲ್ಲಿ ಏನಿತ್ತೆಂದು ಹೇಳಬಲ್ಲೆವೇ? ಎಷ್ಟು ಮನೆಗಳಲ್ಲಿ ಸಾಪ ಬಳಕೆಯಲ್ಲಿತ್ತು, ಅದರಲ್ಲಿ ಸೀಸದ ಪಾತ್ರೆಯಲ್ಲಿ ಕುದಿಸಿದ್ದು ಎಷ್ಟು ಪಾಲು, ಒಬ್ಬನ ದಿನದ ಪಾನಕ್ಕೆ ಬಿದ್ದದ್ದು ಎಷ್ಟು ಚಮಚ ಎಂಬ ಪ್ರಶ್ನೆಗಳಿಗೆ ಕೊಲುಮೆಲ್ಲನಲ್ಲಿ ಉತ್ತರವಿಲ್ಲ. ಉತ್ತರವಿಲ್ಲದ ಕಡೆ ಅಂಕಿಗಳನ್ನು ತುಂಬುವುದು ರಸಾಯನಶಾಸ್ತ್ರದ ಮರ್ಯಾದೆಯೂ ಅಲ್ಲ, ಇತಿಹಾಸದ ಮರ್ಯಾದೆಯೂ ಅಲ್ಲ.

ಶಬ್ದಾರ್ಥದ ತೊಡಕೂ ಒಂದಿದೆ. ಕನ್ನಡದಲ್ಲಿ ಸೀಸವೆಂದರೆ ಸೀಸ, ತವರವೆಂದರೆ ತವರ. ಲ್ಯಾಟಿನ್ನಿನಲ್ಲಿ ‘ಪ್ಲುಂಬುಮ್’ ಎಂಬ ಒಂದೇ ಶಬ್ದ ಎರಡಕ್ಕೂ ಸಲ್ಲುತ್ತದೆ: ಕಪ್ಪು ಪ್ಲುಂಬುಮ್ ಎಂದರೆ ಸೀಸ, ಬಿಳಿಯ ಪ್ಲುಂಬುಮ್ ಎಂದರೆ ತವರ. ಇದು ಸಾಲದೆಂಬಂತೆ ‘ಸ್ಟಾಗ್ನುಮ್’ ಎಂಬ ಮೂರನೆಯ ಹೆಸರೂ ಬರುತ್ತದೆ. ಅದನ್ನು ಕಂಚಿನ ಪಾತ್ರೆಗಳ ಒಳಗೆ ಬಳಿದರೆ ರುಚಿ ಚೆನ್ನಾಗುವುದು, ಕಿಲುಬಿನ ವಿಷ ತಗ್ಗುವುದು ಎಂದು ಪ್ಲಿನಿ ಬರೆದಿದ್ದಾನೆ. ನಮ್ಮ ಕಲಾಯಿಯ ವರ್ಣನೆಯೇ ಇದು. ಆದರೆ ಆ ಲೇಪ ಶುದ್ಧ ತವರವೋ, ಬೆಳ್ಳಿಯ ಅದುರಿನಿಂದ ಮೊದಲು ಇಳಿಯುವ ಸೀಸದ ಮಿಶ್ರಣವೋ ಎಂಬುದು ಪ್ರತಿಯೊಂದು ಕಡೆಯೂ ಬೇರೆಯಾಗಿ ನಿರ್ಣಯಿಸಬೇಕಾದ ವಿಷಯ. ಅಗ್ಗದ ಮಿಶ್ರಣಗಳನ್ನು ಬಳಿಯುವ ವ್ಯಾಪಾರಿಗಳ ಮೋಸವೂ ಪ್ಲಿನಿಗೆ ಗೊತ್ತಿತ್ತು. ‘ಪ್ಲುಂಬುಮ್’ ಕಂಡಲ್ಲೆಲ್ಲ ಸೀಸವೆಂದು ಬರೆದುಕೊಂಡು ಹೋದರೆ ಲೆಕ್ಕ ಉಬ್ಬುತ್ತದೆ; ತವರವೆಂದೇ ಹಿಡಿದರೆ ಕುಗ್ಗುತ್ತದೆ.

ನ್ರಿಯಾಗು ಅವರ ವಾದದಲ್ಲಿ ಅತ್ಯಂತ ದುರ್ಬಲವಾದ ಭಾಗವೇ ಅತ್ಯಂತ ಜನಪ್ರಿಯವಾಯಿತೆಂಬುದು ಸೋಜಿಗ. ಕ್ರಿ. ಪೂ. 30ರಿಂದ ಕ್ರಿ. ಶ. 220ರ ನಡುವೆ ಆಳಿದ ಅಥವಾ ಆಳಲು ಹವಣಿಸಿದ ಮೂವತ್ತು ಮಂದಿಯ ಗುಣಸ್ವಭಾವಗಳನ್ನು ಪರೀಕ್ಷಿಸಿ, ಅವರಲ್ಲಿ ಹತ್ತೊಂಬತ್ತು ಮಂದಿ ಸೀಸ ಬೆರೆತ ಪಾನ ಭೋಜನಗಳ ಚಪಲದವರು, ವಾತರಕ್ತದಿಂದ ನರಳಿದವರು ಎಂದು ಅವರು ತೀರ್ಮಾನಿಸಿದರು. ಕ್ಲಾಡಿಯಸ್ ಚಕ್ರವರ್ತಿಯ ತೊದಲು, ನಡುಕ, ಕುಂಟುನಡಿಗೆಗಳೂ ಸೀಸದ ಲೆಕ್ಕಕ್ಕೆ ಜಮೆಯಾದವು. ಆದರೆ ಕ್ಲಾಡಿಯಸ್ ಬಾಲ್ಯದಿಂದಲೂ ರೋಗಿಷ್ಠನಾಗಿದ್ದನೆಂದು ಸ್ವತಃ ಸ್ವಿಟೋನಿಯಸ್ ಹೇಳುತ್ತಾನೆ. ಮದ್ಯದ ಚಪಲ ಆಮೇಲಣ ಮಾತು. ಚಕ್ರವರ್ತಿಗಳನ್ನು ಹೊಟ್ಟೆಬಾಕರೆಂದೂ ಹುಚ್ಚರೆಂದೂ ಚಿತ್ರಿಸುವುದು ಸೆನೆಟ್ ವರ್ಗದ ಲೇಖಕರಿಗೆ ರಾಜಕೀಯ ದ್ವೇಷ ತೀರಿಸಿಕೊಳ್ಳುವ ಒಂದು ಹಳೆಯ ದಾರಿ. ದ್ವೇಷದ ಬರಹವನ್ನು ರೋಗಿಯ ಚೀಟಿಯೆಂದು ಓದಿದ ವೈದ್ಯನಿಗೆ ಯಾವ ರೋಗವೂ ಸಿಕ್ಕೀತು.

1984ರಲ್ಲಿ ಜಾನ್ ಸ್ಕಾರ್‌ಬರೋ ಅವರು ವೈದ್ಯಶಾಸ್ತ್ರದ ಇತಿಹಾಸಕ್ಕೆ ಮೀಸಲಾದ ಪತ್ರಿಕೆಯಲ್ಲಿ ಈ ಗ್ರಂಥವನ್ನು ನಿರ್ದಾಕ್ಷಿಣ್ಯವಾಗಿ ವಿಮರ್ಶಿಸಿದರು. ಪ್ರಾಚೀನ ಆಕರಗಳನ್ನು ಬಳಸಿದ ರೀತಿಯಲ್ಲಿ ಅವರು ತೋರಿಸಿದ ದೋಷಗಳು ನಿಜವಾದವು. ಸೀಸದ ಕೆಡುಕು ರೋಮನರಿಗೆ ತಿಳಿದಿತ್ತು ಎಂಬುದೂ ನಿಜ. ಮಣ್ಣಿನ ಕೊಳವೆಯ ನೀರು ಸೀಸದ ಕೊಳವೆಯ ನೀರಿಗಿಂತ ಆರೋಗ್ಯಕರವೆಂದು ಕ್ರಿಸ್ತಪೂರ್ವ ಮೊದಲನೆಯ ಶತಮಾನದಲ್ಲಿಯೇ ವಿಟ್ರೂವಿಯಸ್ ಬರೆದ, ಸೀಸದ ಕೆಲಸಗಾರರ ಬಿಳಿಚಿದ ಮೈಬಣ್ಣವನ್ನು ಅದಕ್ಕೆ ಸಾಕ್ಷಿಯಾಗಿ ಕೊಟ್ಟ. ಕೊಳವೆಗಳ ಬಗ್ಗೆ ಜನ ಇಟ್ಟುಕೊಂಡಿರುವ ಭಯವೂ ಮಿತಿಮೀರಿದ್ದೇ. ಟ್ರೆವರ್ ಹಾಡ್ಜ್ 1981ರಲ್ಲಿ ತೋರಿಸಿದಂತೆ ರೋಮಿನ ಕಾಲುವೆಗಳ ನೀರು ನಿಲ್ಲದೆ ಹರಿಯುತ್ತಿತ್ತು, ಅದರಲ್ಲಿದ್ದ ಸುಣ್ಣ ಕೊಳವೆಯ ಒಳಮೈಗೆ ಗಟ್ಟಿ ಪದರವಾಗಿ ಕಟ್ಟುತ್ತಿತ್ತು. 2014ರಲ್ಲಿ ಡೆಲಿಲ್ ಮತ್ತು ಸಂಗಡಿಗರು ರೋಮಿನ ಬಂದರಿನ ಹೂಳನ್ನು ಪರೀಕ್ಷಿಸಿ, ನಗರದ ಕೊಳವೆ ನೀರಿನಲ್ಲಿ ಅಲ್ಲಿಯ ಬುಗ್ಗೆಯ ನೀರಿಗಿಂತ ನೂರು ಪಟ್ಟಿನಷ್ಟು ಸೀಸವಿತ್ತೆಂದು ಕಂಡುಹಿಡಿದರೂ, ಅದು ನಿಜವಾಗಿ ಅಪಾಯ ತರುವಷ್ಟಿರಲಾರದೆಂದೇ ಹೇಳಿದರು. ಇಷ್ಟೆಲ್ಲವನ್ನೂ ಒಪ್ಪಬಹುದು. ಆದರೆ ರೋಮನರಲ್ಲಿ ಸೀಸದ ಬಾಧೆ ವ್ಯಾಪಕವಾಗಿರಲೇ ಇಲ್ಲವೆಂಬ ಸ್ಕಾರ್‌ಬರೋ ಅವರ ನಿರ್ಣಯ ಮಾತ್ರ ಆಧಾರವನ್ನು ಮೀರಿ ನಡೆಯಿತು. ಗ್ರಂಥಗಳು ಸರಿಯಾಗಿ ವರ್ಣಿಸದ ರೋಗ ಇರಲಿಲ್ಲವೆಂದು ಹೇಳಲು, ರೋಗಿಗಳೆಲ್ಲರೂ ಗ್ರಂಥಕಾರರ ಕಣ್ಣಿಗೆ ಬಿದ್ದವರಾಗಿರಬೇಕು.

ಗ್ರಂಥಗಳ ಕಣ್ಣಿಗೆ ಬೀಳದ್ದನ್ನು ಹಿಮ ದಾಖಲಿಸಿತ್ತು. ಗ್ರೀನ್‌ಲ್ಯಾಂಡಿನಲ್ಲಿ ವರ್ಷವರ್ಷವೂ ಬಿದ್ದ ಹಿಮ ಪದರಪದರವಾಗಿ ಕೂಡಿಕೊಂಡಿದೆ; ಯೂರೋಪಿನ ಕುಲುಮೆಗಳ ಹೊಗೆಯ ಕಣಗಳು ಗಾಳಿಯಲ್ಲಿ ತೇಲಿಬಂದು ಆ ಪದರಗಳಲ್ಲಿ ಸಿಕ್ಕಿಕೊಂಡಿವೆ. ಗ್ರೀಕ್ ಮತ್ತು ರೋಮನ್ ಕಾಲದ ಪದರಗಳಲ್ಲಿ ಸೀಸ ಸಹಜ ಮಟ್ಟಕ್ಕಿಂತ ನಾಲ್ಕು ಪಟ್ಟು ಇರುವುದು 1994ರಲ್ಲಿಯೇ ಪ್ರಕಟವಾಗಿತ್ತು. ಅಮೆರಿಕದ ನೆವಾಡದಲ್ಲಿರುವ ಸಂಶೋಧನ ಸಂಸ್ಥೆಯೊಂದರ ಜೋಸೆಫ್ ಮಕಾನೆಲ್ ಮತ್ತು ಸಂಗಡಿಗರು 2018ರಲ್ಲಿ ಈ ದಾಖಲೆಯನ್ನು ಇನ್ನೂ ಸೂಕ್ಷ್ಮವಾಗಿ ಓದಿ, ಯುದ್ಧ, ಶಾಂತಿ, ಸಾಂಕ್ರಾಮಿಕಗಳೊಡನೆ ಅದು ಏರಿಳಿದಿರುವುದನ್ನು ತೋರಿಸಿದರು. 2025ರ ಜನವರಿಯ ಲೇಖನ ಅದರ ಮುಂದುವರಿಕೆ. ರೋಮನ್ ಶಾಂತಿಯ ಸುಮಾರು ಇನ್ನೂರು ವರ್ಷಗಳಲ್ಲಿ ಐದು ಲಕ್ಷ ಟನ್ನಿಗೂ ಮಿಕ್ಕಿ ಸೀಸ ಗಾಳಿಗೆ ಸೇರಿತೆಂದೂ, ಅದರಿಂದ ಮಕ್ಕಳ ರಕ್ತದ ಸೀಸ ಸರಾಸರಿ 2.4 ಮೈಕ್ರೋಗ್ರಾಮಿನಷ್ಟು ಹೆಚ್ಚಿತೆಂದೂ, ಬುದ್ಧಿಲಬ್ಧ ಸಾಮ್ರಾಜ್ಯದ ಉದ್ದಗಲಕ್ಕೂ ಎರಡೂವರೆಯಿಂದ ಮೂರು ಅಂಕಗಳಷ್ಟು ಇಳಿದಿರಬೇಕೆಂದೂ ಅವರ ಗಣನೆ.

ಈ ಗಣನೆಯಲ್ಲಿ ನಾಲ್ಕು ಮೆಟ್ಟಿಲುಗಳಿವೆ: ಹಿಮದಿಂದ ಹೊಗೆಗೆ, ಹೊಗೆಯಿಂದ ಗಾಳಿಗೆ, ಗಾಳಿಯಿಂದ ರಕ್ತಕ್ಕೆ, ರಕ್ತದಿಂದ ಬುದ್ಧಿಗೆ. ಮೊದಲ ಎರಡು ಭೌತವಿಜ್ಞಾನದವು. ಅವುಗಳ ಬಗ್ಗೆ ನನ್ನಂಥವನು ಮಾತನಾಡುವುದು ತರವಲ್ಲ. ಕೊನೆಯ ಎರಡರಲ್ಲಿ ಇಂದಿನ ಮಕ್ಕಳನ್ನು ಅಳೆದ ಗಜಕಡ್ಡಿಯನ್ನೇ ಎರಡು ಸಾವಿರ ವರ್ಷ ಹಿಂದಕ್ಕೆ ಚಾಚಲಾಗಿದೆ. ಆಹಾರ ಬೇರೆ, ರೋಗಗಳು ಬೇರೆ. ಬುದ್ಧಿಯ ಪರೀಕ್ಷೆಯಂತೂ ಇಪ್ಪತ್ತನೆಯ ಶತಮಾನದ ಶಾಲೆಯ ಕೂಸು. ಹಾಗಿದ್ದರೂ ಮೆದುಳಿನ ಜೀವರಸಾಯನ ಎರಡು ಸಾವಿರ ವರ್ಷಗಳಲ್ಲಿ ಬದಲಾಗಿರಲಾರದು. ಪಾತ್ರೆ, ಪಾಕ, ಬಣ್ಣ, ಕೊಳವೆಗಳನ್ನು ಕೈಬಿಟ್ಟು ಗಾಳಿಯೊಂದನ್ನೇ ಲೆಕ್ಕಕ್ಕೆ ಹಿಡಿದಿರುವುದರಿಂದ ನಿಜವಾದ ಭಾರ ಇದಕ್ಕೂ ಹೆಚ್ಚಿದ್ದೀತು. ಆದಕಾರಣ ಮೊದಲನೆಯ ಪ್ರಶ್ನೆಗೆ, ಅಂಕಿಯ ಬಗ್ಗೆ ಹಟ ಹಿಡಿಯದೆ, ಹೌದೆಂದೇ ಉತ್ತರ ಕೊಡಬೇಕು.

ಎರಡನೆಯ ಪ್ರಶ್ನೆಗೆ ಇದೇ ಹಿಮವೇ ವಿರುದ್ಧ ಸಾಕ್ಷಿ. ಸೀಸದ ಹೊಗೆ ಏರಿದ್ದು ಅಗಸ್ಟಸ್‌ನ ಕಾಲದಲ್ಲಿ, ಉತ್ತುಂಗದಲ್ಲಿದ್ದದ್ದು ಟ್ರೇಜನ್, ಹೇಡ್ರಿಯನ್ನರ ಕಾಲದಲ್ಲಿ; ಕ್ರಿ. ಶ. 165ರಲ್ಲಿ ತೊಡಗಿದ ಮಹಾಮಾರಿಯ ಬಳಿಕ ಅದು ಇಳಿಯಿತು, ಮತ್ತೆ ಆ ಎತ್ತರಕ್ಕೆ ಏರಲು ಮಧ್ಯಯುಗ ಬರಬೇಕಾಯಿತು. ಎಂದರೆ ಗಾಳಿ ಅತ್ಯಂತ ಮಲಿನವಾಗಿದ್ದಾಗ ಸಾಮ್ರಾಜ್ಯ ಅತ್ಯಂತ ಬಲಿಷ್ಠವಾಗಿತ್ತು; ಪಶ್ಚಿಮದಲ್ಲಿ 476ರಲ್ಲಿ ಅದು ಅಳಿಯುವ ಹೊತ್ತಿಗೆ ಗಾಳಿ ತಿಳಿಯಾಗಿ ಮೂರು ಶತಮಾನಗಳಾಗುತ್ತ ಬಂದಿದ್ದವು. ಅದೇ ಪಾತ್ರೆ ಕೊಳವೆಗಳನ್ನು ಬಳಸಿದ ಪೂರ್ವಭಾಗ 1453ರವರೆಗೆ ಬಾಳಿತು. ಇಲ್ಲಿ ಕಾಕತಾಳೀಯ ನ್ಯಾಯಕ್ಕೂ ಎಡೆಯಿಲ್ಲ. ಕಾಗೆ ಕೂತು ಹಾರಿಹೋಗಿ ಬಹುಕಾಲದ ಮೇಲೆ ಹಣ್ಣು ಬಿದ್ದಿದೆ. ಇನ್ನೊಂದು ಹೋಲಿಕೆಯನ್ನೂ ಗಮನಿಸಬಹುದು. 1976ರಿಂದ 1980ರ ಅವಧಿಯಲ್ಲಿ ಅಮೆರಿಕದ ಎಳೆಯ ಮಕ್ಕಳ ರಕ್ತದಲ್ಲಿದ್ದ ಸೀಸ ಸರಾಸರಿ 15 ಮೈಕ್ರೋಗ್ರಾಮಿನಷ್ಟು. ಮಕಾನೆಲ್ ಅವರು ರೋಮಿನ ಗಾಳಿಗೆ ಕಟ್ಟಿದ ಹೆಚ್ಚಳದ ಆರು ಪಟ್ಟು. ಕಾರಣ ಮುಖ್ಯವಾಗಿ ಪೆಟ್ರೋಲು. ಆ ದೇಶ ಬೀಳಲಿಲ್ಲ. ಭಾರತದಲ್ಲಿ ಸೀಸ ಬೆರೆತ ಪೆಟ್ರೋಲು ನಿಂತದ್ದು 2000ದಲ್ಲಿ. ಈ ಲೇಖಕನ ವಯಸ್ಸಿನವರ ಬಾಲ್ಯ ಆ ಹೊಗೆಯಲ್ಲಿಯೇ ಕಳೆಯಿತು. ರಾಜ್ಯ ಬೀಳದಿದ್ದ ಮಾತ್ರಕ್ಕೆ ಮಕ್ಕಳಿಗೆ ಆದ ನಷ್ಟ ಇಲ್ಲವಾಗುವುದಿಲ್ಲ. ಮಕಾನೆಲ್ ಅವರ ಲೇಖನ ಆ ನಷ್ಟದ ಬಗ್ಗೆ. ಅದನ್ನು ಪತನದ ಕಥೆಯಾಗಿ ತಿರುಗಿಸಿದವರು ಪತ್ರಿಕೆಗಳವರು.

ಸರಾಸರಿ ಎಂಬುದೂ ಒಂದು ಪರದೆ. ಸಾಮ್ರಾಜ್ಯಕ್ಕೆಲ್ಲ ಹಂಚಿ ಮೂರು ಅಂಕವಾದರೆ ಕುಲುಮೆಯ ಪಕ್ಕದ ಗುಡಿಸಲಿನಲ್ಲಿ ಎಷ್ಟು? ಬೆಳ್ಳಿಯನ್ನು ಸೀಸದ ಅದುರಿನಿಂದ ತೆಗೆಯುತ್ತಿದ್ದರು. ಒಂದಂಶ ಬೆಳ್ಳಿಗಾಗಿ ನೂರಾರು ಅಂಶ ಸೀಸವನ್ನು ಕರಗಿಸಬೇಕಾಗುತ್ತಿತ್ತು. ಸ್ಪೇನಿನ ಹೊಸ ಕಾರ್ಥೇಜಿನ ಗಣಿಗಳಲ್ಲಿ 40,000 ಆಳುಗಳಿದ್ದರೆಂಬ ಪೊಲಿಬಿಯಸನ ಮಾತನ್ನು ಸ್ಟ್ರೇಬೋ ಉದ್ಧರಿಸುತ್ತಾನೆ. ಬೆಳ್ಳಿಯ ಕುಲುಮೆಗಳ ಹೊಗೆ ಭಾರವಾದದ್ದು, ಕೊಲ್ಲುವಂಥದು, ಆದ್ದರಿಂದ ಅದು ಮೇಲಕ್ಕೆ ಹೋಗಲೆಂದು ಕುಲುಮೆಗಳನ್ನು ಎತ್ತರವಾಗಿ ಕಟ್ಟುತ್ತಾರೆ ಎಂದೂ ಅವನೇ ಬರೆಯುತ್ತಾನೆ. ಸೀಸದ ಕುಲುಮೆಯ ಆವಿ ನಾಯಿಗಳನ್ನು ಬಹುಬೇಗ ಬಾಧಿಸುವುದೆಂದು ಪ್ಲಿನಿ ಹೇಳುತ್ತಾನೆ. ನಾಯಿಗಳ ಮಾತು ಬಂತು. ಆಳುಗಳ ಮಕ್ಕಳ ಮಾತು ಬರಲಿಲ್ಲ. ಗಿಲ್‌ಫಿಲನ್, ನ್ರಿಯಾಗು, ಸ್ಕಾರ್‌ಬರೋ ಮೂವರೂ ತಮ್ಮೊಳಗೆ ಎಷ್ಟೇ ಕಾದಾಡಲಿ, ಅವರ ಕಣ್ಣು ಹೆಚ್ಚಾಗಿ ಬರಹದಲ್ಲಿ ಉಳಿದವರ ಮೇಲೆಯೇ ಇತ್ತು. ಬರಹದಲ್ಲಿ ಉಳಿಯದವರ ಸಾಕ್ಷ್ಯ ಅವರ ಹಲ್ಲಿನಲ್ಲಿದೆ. ಎನಾಮಲ್ ಎಂಬ ಹಲ್ಲಿನ ಹೊರಪದರ ಬಾಲ್ಯದಲ್ಲಿ ರೂಪುಗೊಂಡ ಬಳಿಕ ಮಾರ್ಪಡುವುದಿಲ್ಲ. ಮೂಳೆಯಷ್ಟು ಸುಲಭವಾಗಿ ಅದು ಮಣ್ಣಿನ ಸೀಸವನ್ನು ಹೀರಿಕೊಳ್ಳುವುದೂ ಇಲ್ಲ. 2021ರಲ್ಲಿ ಜೊಆನಾ ಮೂರ್ ಮತ್ತು ಸಹೋದ್ಯೋಗಿಗಳು ರೋಮನ್ ಕಾಲದ ಗೋರಿಗಳ ಹಲ್ಲುಗಳನ್ನು ಪರೀಕ್ಷಿಸಿದಾಗ, ಎನಾಮಲ್ಲಿನ ಸೀಸ ಹೆಚ್ಚಿರುವುದಕ್ಕೂ ಎಳವೆಯ ಸಾವಿಗೂ ಪೋಷಣೆಯ ಕೊರತೆಯ ರೋಗಗಳಿಗೂ ನಂಟು ಕಂಡುಬಂದಿತು. ಈ ವಿಷಯದ ಮುಂದಿನ ಕೆಲಸ ಚಕ್ರವರ್ತಿಗಳ ಚರಿತ್ರೆಗಳಲ್ಲಿ ಅಲ್ಲ, ಇಂಥ ಗೋರಿಗಳಲ್ಲಿ ಇದೆ.

ನಮಗೂ ಇದು ದೂರದ ಮಾತಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಎಂ. ಎಚ್. ಕೃಷ್ಣ ಅವರೂ, ಅನಂತರ 1947ರಲ್ಲಿ ವೀಲರ್ ಅವರೂ ನಡೆಸಿದ ಉತ್ಖನನಗಳಲ್ಲಿ ರೋಮನ್ ಬೆಳ್ಳಿಯ ದಿನಾರುಗಳೂ ಶಾತವಾಹನರ ಕಾಲದ ಸೀಸದ ನಾಣ್ಯಗಳೂ ದೊರೆತವು. ಭಾರತದಲ್ಲಿ ತಾಮ್ರವೂ ಇಲ್ಲ, ಸೀಸವೂ ಇಲ್ಲ, ಮುತ್ತುರತ್ನಗಳನ್ನು ಕೊಟ್ಟು ಅವನ್ನು ಕೊಳ್ಳುತ್ತಾರೆ ಎಂದು ಪ್ಲಿನಿ ಬರೆದದ್ದು ಪೂರ್ತಿ ನಿಜವಲ್ಲ. ರಾಜಸ್ಥಾನದ ಜಾವರ್ ಗಣಿಗಳು ಅವನಿಗಿಂತ ಹಳೆಯವು. ಆದರೂ ಪಶ್ಚಿಮದಿಂದ ನಮ್ಮ ಕರಾವಳಿಗೆ ಇಳಿಯುತ್ತಿದ್ದ ಸರಕುಗಳಲ್ಲಿ ಸೀಸವಿತ್ತೆಂಬುದನ್ನು ‘ಪೆರಿಪ್ಲಸ್’ ಗ್ರಂಥವೂ ಹೇಳುತ್ತದೆ. ನಮ್ಮ ಪಠ್ಯಪುಸ್ತಕಗಳಲ್ಲಿ ಈ ನಾಣ್ಯಗಳು ವಾಣಿಜ್ಯದ ಅಧ್ಯಾಯದಲ್ಲಿ ಬರುತ್ತವೆ. ಮೆಣಸು ಹೋಯಿತು, ಬೆಳ್ಳಿ ಬಂತು ಎಂಬಲ್ಲಿಗೆ ಪಾಠ ಮುಗಿಯುತ್ತದೆ. ಆ ಕಾಲದ ರೋಮನ್ ಬೆಳ್ಳಿಯ ಬಹುಭಾಗ ಸ್ಪೇನಿನ ಗಣಿಗಳದು. ಈ ವರ್ಷ ಆ ಪಾಠ ಮಾಡುವಾಗ ದಿನಾರಿನ ಚಿತ್ರವನ್ನು ಹಲಗೆಯ ಮೇಲೆ ತೂಗುಹಾಕಿ, ಅದರ ಪಕ್ಕದಲ್ಲಿ ಸ್ಟ್ರೇಬೋ ಹೇಳಿದ ಎತ್ತರದ ಕುಲುಮೆಯ ಒಂದು ಗೆರೆಚಿತ್ರವನ್ನೂ ಬರೆದೆ. ಪತ್ರಿಕೆಯ ತುಣುಕು ತಂದಿದ್ದ ವಿದ್ಯಾರ್ಥಿ ಈ ಸಲ ಗಿಬ್ಬನ್ನನ ಮಾತೆತ್ತಲಿಲ್ಲ. ಆ ಕುಲುಮೆಗೆ ಸೌದೆ ಒಟ್ಟುತ್ತಿದ್ದವರು ಯಾರೆಂದು ಕೇಳಿದ.